೩೮ ಸ್ಟುಡಿಯೋಸ್

೩೮ ಸ್ಟುಡಿಯೋಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ವಿಡಿಯೊ ಗೇಮ್ ತಯಾರಿಕಾ ಸಂಸ್ಥೆಯಾಗಿತ್ತು. ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ೨೦೦೬ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ೨೦೧೨ರ ಮೇ ತಿಂಗಳಲ್ಲಿ ತನ್ನ ಎಲ್ಲ ನೌಕರರನ್ನೂ ಒಂದೇ ದಿನ ಕೆಲಸದಿಂದ ತೆಗೆದು, ಮರುತಿಂಗಳು ದಿವಾಳಿ ಅರ್ಜಿ ಸಲ್ಲಿಸಿತು. ಸಾವಿರಾರು ಜನರು ಏಕಕಾಲದಲ್ಲಿ ಆಡಬಲ್ಲ 'ಕೊಪರ್ನಿಕಸ್' ಎಂಬ ಗುಪ್ತನಾಮದ ಆನ್‌ಲೈನ್ ಆಟವನ್ನು ರೂಪಿಸುವುದು ಇದರ ಮೂಲ ಉದ್ದೇಶವಾಗಿತ್ತು. ಆ ಆಟ ಎಂದೂ ಬಿಡುಗಡೆಯಾಗಲಿಲ್ಲ. ಸಂಸ್ಥೆಯು ಪೂರ್ಣಗೊಳಿಸಿದ ಏಕೈಕ ಆಟ 'ಕಿಂಗ್‌ಡಮ್ಸ್ ಆಫ್ ಅಮಲೂರ್: ರೆಕನಿಂಗ್' (೨೦೧೨). ರೋಡ್ ಐಲೆಂಡ್ ರಾಜ್ಯ ಸರ್ಕಾರವು ೭.೫ ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿದ್ದ ಕಾರಣ ಈ ಕುಸಿತವು ಆ ರಾಜ್ಯದ ತೆರಿಗೆದಾರರ ಮೇಲೂ ಹೊರೆಯಾಗಿ ಬಿದ್ದಿತು. ದುಬಾರಿ ಆನ್‌ಲೈನ್ ಆಟವೊಂದು ತನ್ನ ತಯಾರಕರನ್ನೇ ಮುಳುಗಿಸಿದ ಪ್ರಕರಣಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು.

ಸ್ಥಾಪನೆ

ಬೋಸ್ಟನ್ ರೆಡ್ ಸಾಕ್ಸ್ ತಂಡದ ಎಸೆತಗಾರರಾಗಿದ್ದ ಶಿಲ್ಲಿಂಗ್, ೨೦೦೪ ಮತ್ತು ೨೦೦೭ರಲ್ಲಿ ಆ ತಂಡದೊಡನೆ ವರ್ಲ್ಡ್ ಸೀರೀಸ್ ಗೆದ್ದವರು. ಪಂದ್ಯಗಳ ನಡುವಿನ ಬಿಡುವಿನಲ್ಲಿ 'ಎವರ್‌ಕ್ವೆಸ್ಟ್' ಮೊದಲಾದ ಆನ್‌ಲೈನ್ ಆಟಗಳನ್ನು ಆಡುವ ಹವ್ಯಾಸ ಅವರಿಗೆ ಬಹುಕಾಲದಿಂದ ಇತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಪಟ್ಟಣದಲ್ಲಿ ಅವರು ಆರಂಭಿಸಿದ ಸಂಸ್ಥೆಯ ಮೊದಲ ಹೆಸರು 'ಗ್ರೀನ್ ಮಾನ್ಸ್ಟರ್ ಗೇಮ್ಸ್'. ಇದು ಬೋಸ್ಟನ್ನಿನ ಫೆನ್ವೇ ಪಾರ್ಕ್ ಕ್ರೀಡಾಂಗಣದ ಎತ್ತರದ ಹಸಿರು ಗೋಡೆಯ ಹೆಸರು. ೨೦೦೭ರಲ್ಲಿ ಶಿಲ್ಲಿಂಗ್‌ರ ಅಂಗಿಯ ಸಂಖ್ಯೆಯಾದ ೩೮ನ್ನೇ ಸಂಸ್ಥೆಯ ಹೆಸರಿಗೆ ಅಳವಡಿಸಲಾಯಿತು.

ಆಟದ ಕಾಲ್ಪನಿಕ ಲೋಕವಾದ ಅಮಲೂರ್‌ನ ಹತ್ತು ಸಾವಿರ ವರ್ಷಗಳ ಇತಿಹಾಸವನ್ನು ರಚಿಸುವ ಹೊಣೆಯನ್ನು ಕಾದಂಬರಿಕಾರ ಆರ್. ಎ. ಸಾಲ್ವಟೋರ್ ಅವರಿಗೂ, ದೃಶ್ಯವಿನ್ಯಾಸದ ಹೊಣೆಯನ್ನು 'ಸ್ಪಾನ್' ಚಿತ್ರಕಥಾ ಪುಸ್ತಕಗಳ ಕರ್ತೃ ಟಾಡ್ ಮ್ಯಾಕ್‌ಫಾರ್ಲೇನ್ ಅವರಿಗೂ ವಹಿಸಲಾಯಿತು. ಹೆಸರಾಂತರನ್ನು ಕರೆತಂದ ಶಿಲ್ಲಿಂಗ್‌ರಿಗೆ ವ್ಯವಹಾರ ನಡೆಸಿದ ಅನುಭವ ಇರಲಿಲ್ಲ. ನೌಕರರಿಗೆ ಉತ್ತಮ ಸಂಬಳ, ಸಂಪೂರ್ಣ ಆರೋಗ್ಯ ವಿಮೆ ಮತ್ತು ಇತರ ಸೌಲಭ್ಯಗಳನ್ನು ಧಾರಾಳವಾಗಿ ನೀಡಲಾಗುತ್ತಿತ್ತು. ಆರಂಭದ ವರ್ಷಗಳ ವೆಚ್ಚದ ಬಹುಪಾಲನ್ನು ಶಿಲ್ಲಿಂಗ್ ತಮ್ಮ ಸ್ವಂತ ಗಳಿಕೆಯಿಂದಲೇ ಭರಿಸಿದರು. ತಾವು ಒಟ್ಟು ಸುಮಾರು ೫ ಕೋಟಿ ಡಾಲರ್ ಕಳೆದುಕೊಂಡುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ.

೨೦೦೯ರಲ್ಲಿ ಸಂಸ್ಥೆಯು ಮೇರಿಲ್ಯಾಂಡ್‌ನ ಬಿಗ್ ಹ್ಯೂಜ್ ಗೇಮ್ಸ್ ಎಂಬ ಸ್ಟುಡಿಯೊವನ್ನು ಟಿಎಚ್‌ಕ್ಯೂ ಕಂಪನಿಯಿಂದ ಕೊಂಡುಕೊಂಡಿತು. ಅಲ್ಲಿ ಆಗಲೇ ಅರ್ಧ ರೂಪುಗೊಂಡಿದ್ದ ಪಾತ್ರಾಭಿನಯದ ಆಟವೊಂದನ್ನು ಅಮಲೂರ್ ಲೋಕಕ್ಕೆ ಹೊಂದಿಸಿ 'ರೆಕನಿಂಗ್' ಆಗಿ ಮಾರ್ಪಡಿಸಲಾಯಿತು. ಒಬ್ಬರೇ ಆಡುವ ಈ ಆಟವು, ಮುಂದೆ ಬರಲಿದ್ದ ಬೃಹತ್ ಆನ್‌ಲೈನ್ ಆಟಕ್ಕೆ ಪೀಠಿಕೆಯಾಗಬೇಕೆಂಬುದು ಯೋಜನೆ.

ಆನ್‌ಲೈನ್ ಆಟಗಳ ಆರ್ಥಿಕ ಸ್ವರೂಪ

೨೦೦೪ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಮಾಸಿಕ ಚಂದಾದ ಮೂಲಕ ಅಪಾರ ಲಾಭ ಗಳಿಸಿತು. ೨೦೧೦ರ ವೇಳೆಗೆ ಅದರ ಚಂದಾದಾರರ ಸಂಖ್ಯೆ ೧.೨ ಕೋಟಿ ತಲುಪಿತ್ತು. ಅದರಲ್ಲೊಂದು ಪಾಲನ್ನಾದರೂ ಪಡೆಯುವ ಆಸೆಯಿಂದ ಅನೇಕ ಹೂಡಿಕೆದಾರರು ಇಂಥ ಆಟಗಳಿಗೆ ಹಣ ಸುರಿದರು.

ಆದರೆ ಈ ಬಗೆಯ ಆಟಗಳ ಲೆಕ್ಕಾಚಾರ ಸಾಮಾನ್ಯ ಆಟಗಳಿಗಿಂತ ಭಿನ್ನ. ಇಡೀ ಲೋಕ, ಸರ್ವರ್‌ಗಳ ಜಾಲ, ಖಾತೆ ಮತ್ತು ಪಾವತಿ ವ್ಯವಸ್ಥೆ, ಗ್ರಾಹಕ ಸೇವೆ ಇವೆಲ್ಲವೂ ಮೊದಲ ದಿನವೇ ಸಿದ್ಧವಿರಬೇಕು. ಅರ್ಧ ಸಿದ್ಧವಾದ ಆಟದಿಂದ ಒಂದು ಡಾಲರೂ ಹುಟ್ಟುವುದಿಲ್ಲ. ಆದರೆ ನೂರಾರು ನೌಕರರ ಸಂಬಳ ಪ್ರತಿ ತಿಂಗಳೂ ತಪ್ಪದೆ ಹೋಗುತ್ತಿರುತ್ತದೆ. ವೆಚ್ಚದ ಮುಖ್ಯ ಭಾಗ ಸಂಬಳವೇ ಆದುದರಿಂದ, ಬಿಡುಗಡೆ ಒಂದು ವರ್ಷ ಮುಂದೆ ಹೋದರೆ ವೆಚ್ಚವೂ ಒಂದು ವರ್ಷದಷ್ಟು ಹೆಚ್ಚುತ್ತದೆ. ಬಿಡುಗಡೆಯಾದ ಬಳಿಕವೂ ಆಟಗಾರರು ವಿರಳವಾದರೆ ಉಳಿದವರಿಗೆ ಜೊತೆಗಾರರು ಸಿಗುವುದಿಲ್ಲ, ಅವರೂ ಬಿಡುತ್ತಾರೆ. ಒಬ್ಬರೇ ಆಡುವ ಆಟ ಸಾಧಾರಣವಾಗಿ ಮಾರಾಟವಾದರೂ ಅದರ ಪ್ರತಿಗಳು ಉಳಿಯುತ್ತವೆ. ಆನ್‌ಲೈನ್ ಲೋಕದಲ್ಲಿ ಜನರಿಲ್ಲದಿದ್ದರೆ ಅದನ್ನು ನಡೆಸುವ ಖರ್ಚು ಮಾತ್ರ ಉಳಿಯುತ್ತದೆ.

ಸ್ಕಾಟ್ಲೆಂಡಿನ ಡಂಡಿ ನಗರದ ರಿಯಲ್‌ಟೈಮ್ ವರ್ಲ್ಡ್ಸ್ ಇದಕ್ಕೆ ಸಮಕಾಲೀನ ನಿದರ್ಶನ. ೧೦ ಕೋಟಿ ಡಾಲರಿಗೂ ಹೆಚ್ಚು ಹೂಡಿಕೆ ಸಂಗ್ರಹಿಸಿದ್ದ ಆ ಸಂಸ್ಥೆ ತನ್ನ 'ಎಪಿಬಿ' ಆಟವನ್ನು ೨೦೧೦ರ ಜೂನ್ ಕೊನೆಯಲ್ಲಿ ಬಿಡುಗಡೆ ಮಾಡಿ, ಆಗಸ್ಟ್ ೧೭ರಂದು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ಆಟದ ಸರ್ವರ್‌ಗಳನ್ನು ಮುಚ್ಚಲಾಯಿತು. ೩೮ ಸ್ಟುಡಿಯೋಸ್‌ಗೆ ನೆರವು ನೀಡುವ ತೀರ್ಮಾನ ರೋಡ್ ಐಲೆಂಡಿನಲ್ಲಿ ಆದದ್ದು ಅದೇ ಬೇಸಿಗೆಯಲ್ಲಿ ಎಂಬುದು ಗಮನಾರ್ಹ.

ರೋಡ್ ಐಲೆಂಡ್ ಸಾಲ

೨೦೧೦ರಲ್ಲಿ ರೋಡ್ ಐಲೆಂಡಿನ ನಿರುದ್ಯೋಗ ಪ್ರಮಾಣ ಶೇಕಡಾ ೧೧ನ್ನು ದಾಟಿತ್ತು. ಹೊಸ ಉದ್ಯಮಗಳನ್ನು ಸೆಳೆಯಲು ಹವಣಿಸುತ್ತಿದ್ದ ಗವರ್ನರ್ ಡೊನಾಲ್ಡ್ ಕಾರ್ಸಿಯೇರಿ, ಆ ವರ್ಷದ ವಸಂತದಲ್ಲಿ ಶಿಲ್ಲಿಂಗ್‌ರನ್ನು ಅವರ ಮನೆಯಲ್ಲಿ ನಡೆದ ನಿಧಿಸಂಗ್ರಹ ಸಮಾರಂಭವೊಂದರಲ್ಲಿ ಭೇಟಿಯಾದರು. ಸಂಸ್ಥೆಯು ಮ್ಯಾಸಚೂಸೆಟ್ಸ್ ತೊರೆದು ಪ್ರಾವಿಡೆನ್ಸ್ ನಗರಕ್ಕೆ ಬರುವ ಮಾತುಕತೆ ಅಲ್ಲಿಂದ ಬೆಳೆಯಿತು. ಉದ್ಯೋಗ ಸೃಷ್ಟಿಗೆ ಸಾಲಖಾತರಿ ನೀಡಲು ರಾಜ್ಯದ ಶಾಸನಸಭೆ ೧೨.೫ ಕೋಟಿ ಡಾಲರ್ ಮಿತಿಯ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿತ್ತು, ಅದರಲ್ಲಿ ೭.೫ ಕೋಟಿ, ಎಂದರೆ ಐದರಲ್ಲಿ ಮೂರು ಪಾಲು, ಈ ಒಂದೇ ಸಂಸ್ಥೆಗೆ ಸಂದಿತು. ಪ್ರತಿಯಾಗಿ ೨೦೧೨ರ ಅಂತ್ಯದೊಳಗೆ ೪೫೦ ಉದ್ಯೋಗಗಳನ್ನು ಸೃಷ್ಟಿಸುವ ಭರವಸೆಯನ್ನು ಸಂಸ್ಥೆ ನೀಡಿತು. ರಾಜ್ಯದ ಆರ್ಥಿಕ ಅಭಿವೃದ್ಧಿ ನಿಗಮವು ಜುಲೈನಲ್ಲಿ ಪ್ರಸ್ತಾವವನ್ನು ಅಂಗೀಕರಿಸಿತು, ನವೆಂಬರಿನಲ್ಲಿ ಬಾಂಡ್‌ಗಳನ್ನು ಹೊರಡಿಸಲಾಯಿತು. ಗವರ್ನರ್ ಹುದ್ದೆಗೆ ಸ್ಪರ್ಧಿಸಿದ್ದ ಲಿಂಕನ್ ಚೇಫಿ ಇದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಚುನಾವಣೆಯಲ್ಲಿ ಗೆದ್ದು ೨೦೧೧ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಅವರಿಗೆ ತಾವು ವಿರೋಧಿಸಿದ್ದ ಸಾಲವನ್ನೇ ಕಾಯುವ ಹೊಣೆ ಬಂದಿತು.

ಇವು 'ನೈತಿಕ ಹೊಣೆ'ಯ ಬಾಂಡ್‌ಗಳು. ಸಾಲಗಾರ ಸಂಸ್ಥೆ ಮರುಪಾವತಿ ಮಾಡದಿದ್ದರೆ ರಾಜ್ಯವು ಕಾನೂನಿನ ಪ್ರಕಾರ ಕಟ್ಟಲೇಬೇಕೆಂದಿಲ್ಲ. ಆದರೆ ಕಟ್ಟದಿದ್ದರೆ ಮಾರುಕಟ್ಟೆಯಲ್ಲಿ ರಾಜ್ಯದ ಸಾಲಯೋಗ್ಯತೆ ಕುಸಿಯುತ್ತದೆ. ಹೀಗಾಗಿ ಆ ಆಯ್ಕೆ ಹೆಸರಿಗೆ ಮಾತ್ರ ಆಯ್ಕೆಯಾಗಿತ್ತು.

ಪ್ರಕರಣದ ತಿರುಳು ಇನ್ನೊಂದು ಅಂಕಿಯಲ್ಲಿದೆ. ೭.೫ ಕೋಟಿ ಡಾಲರ್ ಬಾಂಡ್‌ಗಳು ಮಾರಾಟವಾದರೂ, ಮೀಸಲು ನಿಧಿ ಮತ್ತು ಶುಲ್ಕಗಳನ್ನು ಕಳೆದು ಸಂಸ್ಥೆಗೆ ಸಾಲವಾಗಿ ದೊರೆತದ್ದು ಸುಮಾರು ೫ ಕೋಟಿ. ಆಟವನ್ನು ಮುಗಿಸಲು ಕನಿಷ್ಠ ೭.೫ ಕೋಟಿ ಬೇಕೆಂಬುದು ಮೊದಲೇ ತಿಳಿದಿತ್ತು. ಎಂದರೆ ಕೊರತೆ ಮೊದಲ ದಿನದಿಂದಲೇ ಇತ್ತು, ಅದನ್ನು ತುಂಬುವ ಬೇರೆ ಹೂಡಿಕೆದಾರರು ಸಿಗಲಿಲ್ಲ. ಬಾಂಡ್ ಕೊಂಡವರಿಗೆ ಈ ಸಂಗತಿಯನ್ನು ತಿಳಿಸಿರಲಿಲ್ಲ ಎಂಬುದೇ ಮುಂದೆ ಅಮೆರಿಕದ ಷೇರು ವಿನಿಮಯ ನಿಯಂತ್ರಣ ಆಯೋಗದ ಆರೋಪವಾಯಿತು.

ರೆಕನಿಂಗ್

'ಕಿಂಗ್‌ಡಮ್ಸ್ ಆಫ್ ಅಮಲೂರ್: ರೆಕನಿಂಗ್' ೨೦೧೨ರ ಫೆಬ್ರವರಿ ೭ರಂದು ಉತ್ತರ ಅಮೆರಿಕದಲ್ಲಿ ಬಿಡುಗಡೆಯಾಯಿತು. 'ಮಾರೋವಿಂಡ್' ಮತ್ತು 'ಒಬ್ಲಿವಿಯನ್' ಆಟಗಳ ವಿನ್ಯಾಸಕ ಕೆನ್ ರೋಲ್ಸ್ಟನ್ ಇದರ ಪ್ರಧಾನ ವಿನ್ಯಾಸಕರಲ್ಲಿ ಒಬ್ಬರು. ಅದರ ಕಾಳಗದ ರೀತಿಯನ್ನು ವಿಮರ್ಶಕರು ಮೆಚ್ಚಿದರು. ಮೊದಲ ಮೂರು ತಿಂಗಳಲ್ಲಿ ೧೨ ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಹೊಸ ಹೆಸರಿನ ಆಟಕ್ಕೆ ಇದು ಕಳಪೆ ಸಂಖ್ಯೆಯಲ್ಲ. ಆದರೆ ಈ ಆಟಕ್ಕೆ ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಮುಂಗಡ ಹಣ ನೀಡಿದ್ದರಿಂದ, ಮಾರಾಟದ ಗಳಿಕೆ ಮೊದಲು ಆ ಮುಂಗಡವನ್ನು ತೀರಿಸಬೇಕಿತ್ತು. ವೆಚ್ಚ ಹುಟ್ಟಲು ೩೦ ಲಕ್ಷ ಪ್ರತಿಗಳು ಮಾರಾಟವಾಗಬೇಕಿತ್ತೆಂದು ಗವರ್ನರ್ ಚೇಫಿ ಹೇಳಿದರು. ಕೊಪರ್ನಿಕಸ್‌ಗೆ ಹಣ ಹರಿಸಬೇಕಿದ್ದ ಆಟ ತನ್ನ ಖರ್ಚನ್ನೇ ತೀರಿಸುತ್ತ ನಿಂತಿತು.

೨೦೧೨ರ ಮೇ ತಿಂಗಳು

ಆ ಹೊತ್ತಿಗೆ ಸಂಸ್ಥೆಯ ತಿಂಗಳ ಖರ್ಚು ೪೦ ಲಕ್ಷ ಡಾಲರನ್ನು ಮೀರಿತ್ತೆಂದು ವರದಿಯಾಗಿದೆ. ಮೇ ೧ರಂದು ಆರ್ಥಿಕ ಅಭಿವೃದ್ಧಿ ನಿಗಮಕ್ಕೆ ಸಲ್ಲಬೇಕಿದ್ದ ೧೧.೨೫ ಲಕ್ಷ ಡಾಲರ್ ಕಂತನ್ನು ಅದು ಕಟ್ಟಲಿಲ್ಲ. ಮೇ ೧೪ರಂದು, ಸಂಸ್ಥೆಯನ್ನು ದಿವಾಳಿಯಾಗದಂತೆ ಉಳಿಸಲು ಯತ್ನಿಸುತ್ತಿರುವುದಾಗಿ ಚೇಫಿ ಸುದ್ದಿಗಾರರಿಗೆ ತಿಳಿಸಿದರು. ಈ ಮಾತು ಹೂಡಿಕೆದಾರರನ್ನು ಹೆದರಿಸಿ ಓಡಿಸಿತು, 'ರೆಕನಿಂಗ್'ನ ಎರಡನೆಯ ಭಾಗಕ್ಕಾಗಿ ಪ್ರಕಾಶಕರೊಬ್ಬರೊಡನೆ ನಡೆದಿದ್ದ ಮಾತುಕತೆ ಮುರಿದುಬಿತ್ತು ಎಂಬುದು ಶಿಲ್ಲಿಂಗ್‌ರ ವಾದ. ಮರುದಿನ ನೌಕರರ ಸಂಬಳ ಬರಲಿಲ್ಲ.

ಮೇ ೧೭ರಂದು ಸಂಸ್ಥೆಯ ಪ್ರತಿನಿಧಿಗಳು ಕಂತಿನ ಚೆಕ್ ತಂದುಕೊಟ್ಟು, ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂದು ತಿಳಿಸಿದ್ದರಿಂದ ಅದನ್ನು ಹಿಂದಿರುಗಿಸಲಾಯಿತು. ಮರುದಿನ ಕಂತು ಸಂದಾಯವಾಯಿತು. ಸಂಬಳಕ್ಕೆ ಮಾತ್ರ ಹಣ ಉಳಿಯಲಿಲ್ಲ. ಇದೇ ದಿನಗಳಲ್ಲಿ ಕೊಪರ್ನಿಕಸ್‌ನ ನಗರಗಳನ್ನೂ ಕಣಿವೆಗಳನ್ನೂ ತೋರಿಸುವ ಕಿರುಚಿತ್ರವೊಂದು ಬಿಡುಗಡೆಯಾಯಿತು. ಸಾರ್ವಜನಿಕರು ಆ ಲೋಕವನ್ನು ಮೊದಲ ಬಾರಿಗೆ ಚಲನೆಯಲ್ಲಿ ಕಂಡದ್ದು ಆಗಲೇ. ಆಟದ ಬಿಡುಗಡೆ ೨೦೧೩ರ ಜೂನ್‌ಗೆ ನಿಗದಿಯಾಗಿತ್ತೆಂಬುದೂ ಗವರ್ನರರ ಬಾಯಿಂದ ಆಗಲೇ ಹೊರಬಿದ್ದಿತು.

ಮೇ ೨೪ರಂದು ಇಮೇಲ್ ಮೂಲಕ ಎಲ್ಲ ೩೭೯ ನೌಕರರನ್ನು ವಜಾ ಮಾಡಲಾಯಿತು. ಅವರಲ್ಲಿ ೨೮೮ ಮಂದಿ ರೋಡ್ ಐಲೆಂಡಿನವರು, ಉಳಿದವರು ಮೇರಿಲ್ಯಾಂಡಿನವರು. ಆರೋಗ್ಯ ವಿಮೆಯೂ ನಿಂತಿತು. ಮ್ಯಾಸಚೂಸೆಟ್ಸ್‌ನಿಂದ ಸ್ಥಳಾಂತರಗೊಂಡಿದ್ದ ಕೆಲವರ ಸ್ಥಿತಿ ಇನ್ನೂ ಕಷ್ಟಕರವಾಯಿತು: ಅವರ ಹಳೆಯ ಮನೆಗಳನ್ನು ಮಾರಿಸಿಕೊಡುವ ಹೊಣೆಯನ್ನು ಸಂಸ್ಥೆ ಹೊತ್ತಿತ್ತು, ಮನೆಗಳು ಮಾರಾಟವಾಗಿವೆಯೆಂದೇ ಅವರು ನಂಬಿದ್ದರು. ಕೆಲಸ ಹೋದ ಬಳಿಕ, ಮಾರಾಟವಾಗದೆ ಉಳಿದ ಮನೆಯ ಸಾಲಕ್ಕೆ ತಾವೇ ಬಾಧ್ಯರಾಗಬಹುದೆಂಬ ಸೂಚನೆ ಅವರಿಗೆ ತಲುಪಿತು.

ಜೂನ್ ೭ರಂದು ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಅದರಲ್ಲಿ ತೋರಿಸಿದ ಸಾಲ ೧೫.೦೭ ಕೋಟಿ ಡಾಲರ್; ಆಸ್ತಿ ೨.೧೭ ಕೋಟಿ.

ವೈಫಲ್ಯದ ಕಾರಣಗಳು

ಶಿಲ್ಲಿಂಗ್ ಮತ್ತು ಚೇಫಿ ಪರಸ್ಪರರನ್ನು ದೂಷಿಸಿದರು, ಸ್ಥಳೀಯ ಪತ್ರಿಕೆಗಳಲ್ಲಿ ಬಹುಕಾಲ ನಡೆದದ್ದು ಇದೇ ಚರ್ಚೆ. ಆದರೆ ಮೇ ತಿಂಗಳ ಹೇಳಿಕೆಗಳಿಂದ ಎಲ್ಲವೂ ಕೆಟ್ಟಿತೆನ್ನಲು ಲೆಕ್ಕಗಳು ಅವಕಾಶ ಕೊಡುವುದಿಲ್ಲ. ಆರು ವರ್ಷಗಳಲ್ಲಿ ಕೊಪರ್ನಿಕಸ್‌ಗೆ ಪ್ರಕಾಶಕರು ಸಿಕ್ಕಿರಲಿಲ್ಲ, ಹೊರಗಿನ ದೊಡ್ಡ ಹೂಡಿಕೆದಾರರೂ ಬಂದಿರಲಿಲ್ಲ. ಉದ್ಯಮವನ್ನು ಬಲ್ಲವರು ದೂರ ಉಳಿದ ಜಾಗದಲ್ಲಿ ಉದ್ಯಮವನ್ನು ಅರಿಯದ ರಾಜ್ಯವೊಂದು ಹಣ ತೊಡಗಿಸಿತು. ಆ ಸಾಲದ ಷರತ್ತು ಸಂಸ್ಥೆಯ ಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿತು: ಹಣ ಉಳಿಸಲು ಸಿಬ್ಬಂದಿಯನ್ನು ಕಡಿಮೆ ಮಾಡಬೇಕಾದ ಕಾಲದಲ್ಲಿ, ಉದ್ಯೋಗ ಸಂಖ್ಯೆಯ ಭರವಸೆಯನ್ನು ಉಳಿಸಿಕೊಳ್ಳಲು ಜನರನ್ನು ಸೇರಿಸಿಕೊಳ್ಳಬೇಕಿತ್ತು.

ಆಟದ ಗುಣಮಟ್ಟದ ಬಗೆಗೂ ಸಂದೇಹಗಳಿದ್ದವು. ನೋಟಕ್ಕೆ ಅದು ಅತಿ ಸುಂದರವಾಗಿದ್ದರೂ ಆಡಲು ಅಷ್ಟು ರಂಜಕವಾಗಿರಲಿಲ್ಲವೆಂದು ಕುಸಿತದ ಬಳಿಕ ಶಿಲ್ಲಿಂಗ್‌ರೇ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ಮಾರುಕಟ್ಟೆಯೂ ಬದಲಾಗಿತ್ತು. 'ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್' ೨೦೧೦ರಲ್ಲಿ ಚಂದಾ ಕಡ್ಡಾಯವನ್ನು ಕೈಬಿಟ್ಟಿತ್ತು. ೨೦೧೧ರ ಡಿಸೆಂಬರಿನಲ್ಲಿ ಭಾರಿ ವೆಚ್ಚದೊಡನೆ ಬಂದ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ಒಂದು ವರ್ಷ ತುಂಬುವ ಮೊದಲೇ ಉಚಿತ ಆಟವಾಯಿತು. ಕೊಪರ್ನಿಕಸ್‌ನ್ನೂ ಉಚಿತವಾಗಿ ನೀಡಿ, ಆಟದೊಳಗಿನ ಸಣ್ಣ ಖರೀದಿಗಳಿಂದ ಹಣ ಗಳಿಸುವ ಗುಟ್ಟಿನ ಯೋಜನೆ ಇತ್ತೆಂದು ಶಿಲ್ಲಿಂಗ್ ತಿಳಿಸಿದ್ದಾರೆ. ೨೦೦೬ರಲ್ಲಿ ಹಾಕಿದ ಲೆಕ್ಕ ೨೦೧೨ಕ್ಕೆ ಹೊಂದುತ್ತಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಇಷ್ಟು ದೀರ್ಘಕಾಲ ತಯಾರಾಗುವ ಆಟಗಳಿಗೆಲ್ಲ ಈ ಅಪಾಯ ಇದೆ. ಸೋನಿಯ 'ಕಾನ್‌ಕಾರ್ಡ್' ೨೦೨೪ರ ಆಗಸ್ಟ್ ೨೩ರಂದು ಬಿಡುಗಡೆಯಾಗಿ ಸೆಪ್ಟೆಂಬರ್ ೬ರಂದೇ ನಿಂತಿತು. ಅದೇ ಬಗೆಯ ಉಚಿತ ಆಟಗಳು ತುಂಬಿದ್ದ ಮಾರುಕಟ್ಟೆಗೆ ಅದು ಬೆಲೆ ಕಟ್ಟಿಕೊಂಡು ಬಂದಿತ್ತು. ಅದನ್ನು ರೂಪಿಸಿದ ಫೈರ್‌ವಾಕ್ ಸ್ಟುಡಿಯೋಸ್ ಅಕ್ಟೋಬರಿನಲ್ಲಿ ಮುಚ್ಚಿತು.

ತನಿಖೆ ಮತ್ತು ವ್ಯಾಜ್ಯಗಳು

ರೋಡ್ ಐಲೆಂಡ್ ನಿಗಮವು ಶಿಲ್ಲಿಂಗ್, ಸಂಸ್ಥೆಯ ಇತರ ಅಧಿಕಾರಿಗಳು, ಬ್ಯಾಂಕುಗಳು ಮತ್ತು ಕಾನೂನು ಸಲಹೆಗಾರರ ಮೇಲೆ ೨೦೧೨ರಲ್ಲಿ ಮೊಕದ್ದಮೆ ಹೂಡಿತು. ೨೦೧೪ರಿಂದ ೨೦೧೭ರವರೆಗೆ ಹಂತಹಂತವಾಗಿ ಆದ ರಾಜಿಗಳಿಂದ ಸುಮಾರು ೬.೧ ಕೋಟಿ ಡಾಲರ್ ವಸೂಲಾಯಿತು. ಇದರಲ್ಲಿ ಶಿಲ್ಲಿಂಗ್ ಮತ್ತು ಸಹ ಅಧಿಕಾರಿಗಳ ಪಾಲು ೨೫ ಲಕ್ಷ. ಪೊಲೀಸ್ ತನಿಖೆ ೨೦೧೬ರಲ್ಲಿ ಯಾರ ಮೇಲೂ ಅಪರಾಧ ಆರೋಪ ಹೊರಿಸದೆ ಮುಕ್ತಾಯವಾಯಿತು. ಅದೇ ವರ್ಷ ಷೇರು ವಿನಿಮಯ ನಿಯಂತ್ರಣ ಆಯೋಗವು ನಿಗಮದ ಮೇಲೂ ವೆಲ್ಸ್ ಫಾರ್ಗೊ ಮೇಲೂ ಮೇಲೆ ಹೇಳಿದ ಆರೋಪವನ್ನು ಹೊರಿಸಿತು. ಎರಡೂ ಪ್ರಕರಣಗಳು ದಂಡದೊಡನೆ ಇತ್ಯರ್ಥಗೊಂಡವು. ಬಾಂಡ್‌ಗಳ ಕೊನೆಯ ಕಂತನ್ನು ರಾಜ್ಯವು ೨೦೨೦ರಲ್ಲಿ ತೀರಿಸಿತು.

ಆಸ್ತಿಗಳ ವಿಲೇವಾರಿ

೨೦೧೩ರ ಡಿಸೆಂಬರಿನ ಹರಾಜಿನಲ್ಲಿ ಬಿಗ್ ಹ್ಯೂಜ್ ಗೇಮ್ಸ್‌ನ ಹಳೆಯ ಆಟವಾದ 'ರೈಸ್ ಆಫ್ ನೇಷನ್ಸ್' ಸೇರಿದಂತೆ ಕೆಲವು ಹಕ್ಕುಗಳು ಮಾತ್ರ ಬಿಕರಿಯಾದವು. ಅಮಲೂರ್ ಮತ್ತು ಕೊಪರ್ನಿಕಸ್ ಹಕ್ಕುಗಳನ್ನು ಟಿಎಚ್‌ಕ್ಯೂ ನಾರ್ಡಿಕ್ ೨೦೧೮ರಲ್ಲಿ ಕೊಂಡಿತು. ೨೦೦೯ರಲ್ಲಿ ಬಿಗ್ ಹ್ಯೂಜ್ ಗೇಮ್ಸ್‌ನ್ನು ಮಾರಿದ್ದ ಟಿಎಚ್‌ಕ್ಯೂ ಇದಲ್ಲ. ಅದೂ ೨೦೧೨ರ ಕೊನೆಯಲ್ಲಿ ದಿವಾಳಿಯಾಗಿ, ಅದರ ಹೆಸರನ್ನು ನಾರ್ಡಿಕ್ ಗೇಮ್ಸ್ ಖರೀದಿಸಿತ್ತು. 'ರೆಕನಿಂಗ್'ನ ಪರಿಷ್ಕೃತ ಆವೃತ್ತಿ 'ರೀ-ರೆಕನಿಂಗ್' ೨೦೨೦ರ ಸೆಪ್ಟೆಂಬರಿನಲ್ಲಿಯೂ, ಅದರ ಹೊಸ ಕಥಾಭಾಗ 'ಫೇಟ್‌ಸ್ವೋರ್ನ್' ೨೦೨೧ರ ಡಿಸೆಂಬರಿನಲ್ಲಿಯೂ ಹೊರಬಂದವು.