ಚಿನ್ನದ ಗಣಿಯಲ್ಲಿ ಕಣದ ಶೋಧ

ಕೋಲಾರದ ಗಣಿ ಎಂದೊಡನೆ ನಮಗೆ ನೆನಪಾಗುವುದು ಚಿನ್ನ. ಅದೇ ಗಣಿಯಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಚಿನ್ನಕ್ಕಿಂತ ವಿರಳವಾದುದನ್ನು ಅರಸಿದರೆಂಬುದು ಬಹುಮಂದಿಗೆ ತಿಳಿಯದು.

1951ರಲ್ಲಿ ಡಾ. ಹೋಮಿ ಭಾಭಾ ಅವರ ಪ್ರೇರಣೆಯಿಂದ ನಂಜನಗೂಡಿನವರಾದ ಶ್ರೀ ಬಿ. ವಿ. ಶ್ರೀಕಂಠನ್ ಅವರು ಗೈಗರ್ ಗಣಕಗಳೊಡನೆ ಗಣಿಗಿಳಿದು, ವಿಶ್ವಕಿರಣಗಳು ನೆಲದೊಳಕ್ಕೆ ಎಷ್ಟು ಇಳಿಯುತ್ತವೆಂದು ಅಳೆಯತೊಡಗಿದರು. ಮುಂದಿನ ಪ್ರಯೋಗಗಳಲ್ಲಿ ಅತ್ಯಂತ ಆಳದಲ್ಲಿ ಆ ಕಿರಣಗಳು ಇಲ್ಲವೆಂಬಷ್ಟು ಕಡಮೆಯೆಂದು ಕಂಡಿತು. ಆ ನಿಶ್ಶಬ್ದವೇ ವರವಾಯಿತು.

ನ್ಯೂಟ್ರಾನಿನಂತೆ ವಿದ್ಯುದಂಶವಿಲ್ಲದ ನ್ಯೂಟ್ರಿನೋ ಇಡೀ ಭೂಮಿಯನ್ನೇ ಹಾಯ್ದುಹೋಗಬಲ್ಲದು. ಎಲ್ಲೋ ಒಮ್ಮೆ ಬಂಡೆಯ ಪರಮಾಣುವಿಗೆ ತಾಗಿ ಮ್ಯೂಆನ್ ಎಂಬ ಕಣವನ್ನು ಹುಟ್ಟಿಸುತ್ತದೆ. ಆಕಾಶದಿಂದ ಓರೆಯಾಗಿ ಬರುವ ಮ್ಯೂಆನುಗಳು ಬಂಡೆಯಲ್ಲೇ ಇಂಗುವುದರಿಂದ, ಅಷ್ಟು ಆಳದಲ್ಲಿ ಅಡ್ಡಲಾಗಿ ಹಾಯ್ದದ್ದು ನ್ಯೂಟ್ರಿನೋವಿನ ಕುರುಹು. ಅದನ್ನು ಹಿಡಿಯಲು ಸುಮಾರು 7,600 ಅಡಿ ಆಳದಲ್ಲಿ, ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನೂ ನಿಯಾನ್ ಕೊಳವೆಗಳನ್ನೂ ಗೋಡೆಯಂತೆ ನಿಲ್ಲಿಸಿದರು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಹಮ್ ವಿದ್ವಾಂಸರು ಜೊತೆಗೂಡಿದರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋ ಇಲ್ಲಿ ಪತ್ತೆಯಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ.

2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಅಲ್ಲಿಯ ಚಿನ್ನದ ಕಥೆ ಹೇಳುವಾಗ, ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಕಥೆಯನ್ನೂ ಹೇಳೋಣ.