ಶರಾವತಿ ಅಳಿವೆ, ಕಾಸರಕೋಡು ಕಡಲತೀರ ಮತ್ತು ಮರಳು ದಿಣ್ಣೆಗಳು: ಸಂದರ್ಶಕರಿಗೂ ಅರ್ಜಿದಾರರಿಗೂ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಶರಾವತಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕಿ, ಗೇರುಸೊಪ್ಪೆಯನ್ನು ದಾಟಿದ ಬಳಿಕ ಈ ನದಿಯು ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ನದಿಯ ಉತ್ತರ ದಡದಲ್ಲಿ ಹೊನ್ನಾವರ ಪಟ್ಟಣವೂ ದಕ್ಷಿಣ ದಡದಲ್ಲಿ ಕಾಸರಕೋಡು ಗ್ರಾಮವೂ ಇವೆ. ಕಾಸರಕೋಡಿನ ಉತ್ತರ ತುದಿಯಲ್ಲಿ, ಒಂದು ಬದಿಗೆ ಕಡಲು ಮತ್ತೊಂದು ಬದಿಗೆ ಹೊಳೆ ಇರುವ ಮರಳಿನ ಪಟ್ಟಿಯನ್ನು ಟೊಂಕ ಎಂದು ಕರೆಯಲಾಗುತ್ತದೆ. ದಿಣ್ಣೆ, ತೀರ, ಅಳಿವೆ ಈ ಮೂರನ್ನೂ ಅರ್ಧ ದಿನದಲ್ಲಿ ನಡೆದು ನೋಡಬಹುದಾದ ಸ್ಥಳವಿದು. ಸ್ಥಳವನ್ನು ನೋಡಬಯಸುವ ಸಾರ್ವಜನಿಕರಿಗೂ, ಇಲ್ಲಿ ಜಮೀನು ಹೊಂದಿದ್ದು ಮನೆ, ಬೇಲಿ, ಶೆಡ್ಡು ಮುಂತಾದವುಗಳಿಗೆ ಅನುಮತಿ ಕೋರುವ ಅರ್ಜಿದಾರರಿಗೂ ಉಪಯುಕ್ತವಾಗುವ ವಿವರಗಳನ್ನು ಕೆಳಗೆ ನೀಡಲಾಗಿದೆ.

ಮರಳು ದಿಣ್ಣೆಗಳು

ಕಡಲತೀರದ ಮರಳು ಒಂದೇ ಕಡೆ ನಿಂತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಎತ್ತರದ ಅಲೆಗಳು ತೀರವನ್ನು ಕೊರೆದು ಮರಳನ್ನು ಕಡಲಿನೊಳಕ್ಕೆ ಎಳೆದೊಯ್ಯುತ್ತವೆ. ಮಳೆ ನಿಂತು ಅಲೆಗಳು ತಗ್ಗಿದ ಮೇಲೆ ಅದೇ ಮರಳು ಸ್ವಲ್ಪಸ್ವಲ್ಪವಾಗಿ ತೀರಕ್ಕೆ ಹಿಂತಿರುಗುತ್ತದೆ. ಬಿಸಿಲಿಗೆ ಒಣಗಿದ ಮರಳನ್ನು ಗಾಳಿಯು ಮೇಲಕ್ಕೆ ಒಯ್ಯುವಾಗ ಅದನ್ನು ತಡೆದು ನಿಲ್ಲಿಸುವವು ದಿಣ್ಣೆಯ ಮೇಲಿನ ಗಿಡಗಳು. ನೇರಳೆ ಬಣ್ಣದ ಹೂ ಬಿಟ್ಟು ನೆಲದ ಮೇಲೆ ಉದ್ದಕ್ಕೆ ಹರಡುವ ಅಡುಂಬು ಬಳ್ಳಿ ಮತ್ತು ಮುಳ್ಳಿನ ಚೆಂಡಿನಂತಹ ತೆನೆಯುಳ್ಳ, ರಾವಣನ ಮೀಸೆ ಎಂದು ಕರೆಯಲಾಗುವ ಹುಲ್ಲು ಇವುಗಳಲ್ಲಿ ಮುಖ್ಯವಾದವು. ಇವುಗಳ ಹಿಂದೆ ಕೇದಗೆಯ ಪೊದೆಗಳೂ, ನೆಟ್ಟು ಬೆಳೆಸಿದ ಗಾಳಿ ಮರಗಳೂ ಇರುತ್ತವೆ.

ಹೀಗೆ ಕೂಡಿದ ದಿಣ್ಣೆಯು ತೀರದ ಉಳಿತಾಯವಿದ್ದಂತೆ. ಕಡಲು ಉಗ್ರವಾದ ವರ್ಷ ಅದು ತನ್ನ ಮರಳನ್ನು ತೀರಕ್ಕೆ ಬಿಟ್ಟುಕೊಡುತ್ತದೆ, ಹಿಂದಿನ ಮನೆ ಮತ್ತು ತೋಟಗಳು ಉಳಿಯುತ್ತವೆ. ದಿಣ್ಣೆಯನ್ನು ಸಮತಟ್ಟು ಮಾಡಿದ ಕಡೆ ಕಡಲಿಗೂ ಮನೆಗೂ ನಡುವೆ ಕೊಡಲು ಮರಳೇ ಇರುವುದಿಲ್ಲ. ಕಡಲ ನೋಟ ಚೆನ್ನಾಗಿ ಕಾಣಲೆಂದು ಮುಂದಿನ ದಿಣ್ಣೆಯನ್ನು ತಗ್ಗಿಸುವುದು ಸಣ್ಣ ಕೆಲಸವೆಂದು ತೋರಬಹುದು. ಆದರೆ ಬಳ್ಳಿಯ ಹೊದಿಕೆ ಕಿತ್ತುಹೋದ ಒಂದು ಕಾಲುದಾರಿಯಿಂದಲೇ ಗಾಳಿಯು ದಿಣ್ಣೆಯನ್ನು ಕೊರೆಯಲಾರಂಭಿಸುತ್ತದೆ. ಜನರು ಪದೇ ಪದೇ ಒಂದೇ ಕಡೆ ಹತ್ತಿ ಇಳಿಯುವುದರಿಂದಲೂ, ದಿಣ್ಣೆಯ ಮೇಲೆ ವಾಹನ ಓಡಿಸುವುದರಿಂದಲೂ ಹಾನಿಯಾಗುವುದು ಈ ಕಾರಣಕ್ಕೆ.

ಅಳಿವೆ ಮತ್ತು ನದಿ

ನದಿಯ ಸಿಹಿ ನೀರೂ ಕಡಲಿನ ಉಪ್ಪು ನೀರೂ ಬೆರೆಯುವ ಭಾಗವೇ ಅಳಿವೆ. ಹೊನ್ನಾವರವು ಹಳೆಯ ಬಂದರು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದುಹೋಗಿದ್ದನು. ನದಿಯ ನಡುವೆ ಮಾವಿನಕುರ್ವೆ ಎಂಬ ದ್ವೀಪವಿದೆ. ಕುರ್ವೆ ಎಂದರೆ ಈ ಭಾಗದಲ್ಲಿ ನೀರಿನಿಂದ ಸುತ್ತುವರಿದ ನೆಲ ಎಂದರ್ಥ. ಅಳಿವೆಯ ಮೇಲೆ ಹಾದುಹೋಗುವ ರೈಲು ಸೇತುವೆಯು ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದವಾಗಿದ್ದು, ಕೊಂಕಣ ರೈಲು ಮಾರ್ಗದ ಸೇತುವೆಗಳ ಪೈಕಿ ಅತ್ಯಂತ ಉದ್ದನೆಯದು. ತೀರದಿಂದ ವಾಯವ್ಯಕ್ಕೆ ಕಡಲಿನಲ್ಲಿ ಕಾಣುವ ದ್ವೀಪವು ಬಸವರಾಜದುರ್ಗ.

ಶರಾವತಿಯ ಅಳಿವೆಯನ್ನು ಅರಿಯಲು ಮೇಲಿನ ಅಣೆಕಟ್ಟುಗಳನ್ನೂ ನೆನಪಿನಲ್ಲಿಡಬೇಕಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ನೀರಿನಿಂದ ವರ್ಷವಿಡೀ ವಿದ್ಯುತ್ ಉತ್ಪಾದಿಸಲಾಗುತ್ತಿದ್ದು, ಗೇರುಸೊಪ್ಪೆಯ ಅಣೆಕಟ್ಟು ದಾಟಿ ಬರುವ ಸಿಹಿ ನೀರು ಬೇಸಿಗೆಯಲ್ಲಿಯೂ ಅಳಿವೆಗೆ ಹರಿದು ಬರುತ್ತದೆ. ಅಣೆಕಟ್ಟುಗಳಿಲ್ಲದ ನದಿಯಲ್ಲಿ ಬೇಸಿಗೆಯ ಹೊತ್ತಿಗೆ ಉಪ್ಪು ನೀರು ಬಹಳ ದೂರ ಒಳಕ್ಕೆ ಏರುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಉಪ್ಪು ಕಡಿಮೆಯಾದ್ದರಿಂದ, ಉಪ್ಪು ನೀರನ್ನು ಬಯಸುವ ಚಿಪ್ಪಿಕಲ್ಲುಗಳೂ ಕೆಲವು ಬಗೆಯ ಕಾಂಡ್ಲಾ ಗಿಡಗಳೂ ಈ ಅಳಿವೆಯಲ್ಲಿ ಇಳಿಮುಖವಾಗಿವೆ. ಚಿಪ್ಪಿಕಲ್ಲು ಆಯ್ದು ಮಾರಿ ಜೀವನ ಸಾಗಿಸುವ ಕುಟುಂಬಗಳಿಗೆ ಇದು ನೇರವಾದ ನಷ್ಟ.

ಹೋಲಿಕೆಗೆ ನೆರೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ನೋಡಬಹುದು. ಆ ನದಿಗೆ ಅಣೆಕಟ್ಟು ಇಲ್ಲ. ಇಳಿತದ ವೇಳೆಯಲ್ಲಿ ನೂರಾರು ಜನರು ನೀರಿಗಿಳಿದು ಚಿಪ್ಪಿಕಲ್ಲು ಆಯುವುದನ್ನು, ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆಯುವುದನ್ನು, ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಅಲ್ಲಿ ಕಾಣಬಹುದು. 4801 ಹೆಕ್ಟೇರ್ ವಿಸ್ತೀರ್ಣದ ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಎರಡು ದಿನಗಳ ಬಿಡುವು ಇರುವವರು ಎರಡನ್ನೂ ನೋಡುವುದು ಉತ್ತಮ. ಒಂದನ್ನು ನೋಡಿದ ಮೇಲೆ ಇನ್ನೊಂದು ಹೆಚ್ಚು ಅರ್ಥವಾಗುತ್ತದೆ.

ಶರಾವತಿಯಲ್ಲಿ ಉಳಿದಿರುವ ಕಾಂಡ್ಲಾವನ್ನು ಕಾಲಿಗೆ ಕೆಸರು ತಾಗದಂತೆ ನೋಡಲು ಹೊನ್ನಾವರದ ಬಳಿ ಅರಣ್ಯ ಇಲಾಖೆಯು ಶರಾವತಿ ಕಾಂಡ್ಲಾ ಎಂಬ ಹೆಸರಿನ ಮರದ ನಡಿಗೆ ಹಾದಿಯನ್ನು ನಿರ್ಮಿಸಿದೆ. ನೀರು ಇಳಿದಾಗ ಬೇರುಗಳೂ ಏಡಿಗಳೂ, ನೀರು ಏರಿದಾಗ ಬೇರುಗಳ ನಡುವೆ ಆಶ್ರಯ ಪಡೆಯುವ ಮೀನು ಮರಿಗಳೂ ಕಾಣಸಿಗುತ್ತವೆ.

ನಡೆದು ನೋಡುವವರಿಗೆ ಸೂಚನೆಗಳು

ಹೊನ್ನಾವರವು ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದು (ಹಿಂದಿನ 17), ಕೊಂಕಣ ರೈಲು ಮಾರ್ಗದ ನಿಲ್ದಾಣವನ್ನೂ ಹೊಂದಿದೆ. ಘಟ್ಟದ ಮೇಲಿನಿಂದ ಬರುವವರು ಸಾಗರ, ಜೋಗ, ಗೇರುಸೊಪ್ಪೆ ಮಾರ್ಗವಾಗಿ ಬರಬಹುದು. ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಅವಧಿಯು ನಡಿಗೆಗೆ ಸೂಕ್ತ.

ಕಾಸರಕೋಡಿನ ಇಕೋ ಬೀಚ್‌ನಿಂದ ನಡಿಗೆಯನ್ನು ಆರಂಭಿಸುವುದು ಅನುಕೂಲ. ಈ ತೀರಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಅಲ್ಲಿಂದ ಉತ್ತರಕ್ಕೆ, ಎಡಗಡೆ ಕಡಲನ್ನೂ ಬಲಗಡೆ ದಿಣ್ಣೆಯನ್ನೂ ಇಟ್ಟುಕೊಂಡು ಟೊಂಕದ ಕಡೆಗೆ ಸಾಗಬಹುದು. ನೀರು ಇಳಿಯುತ್ತಿರುವಾಗ ಹೊರಡತಕ್ಕದ್ದು. ಆಗ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿದ್ದು ನಡೆಯಲು ಸುಲಭವಾಗಿರುತ್ತದೆ, ದಿಣ್ಣೆಯನ್ನು ತುಳಿಯುವ ಅಗತ್ಯವೂ ಬೀಳುವುದಿಲ್ಲ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಈ ವೇಳೆಯು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹಿಂದಿನ ವಾರ ಬಂದುಹೋದವರ ಲೆಕ್ಕ ಈ ವಾರಕ್ಕೆ ಸಲ್ಲದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಆ ದಿನದ ವೇಳೆಯನ್ನು ಸ್ಥಳೀಯ ಮೀನುಗಾರರಲ್ಲಿ ವಿಚಾರಿಸಿಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ.

ಟೊಂಕವು ಪ್ರೇಕ್ಷಣೀಯ ಸ್ಥಳವಾಗುವ ಮೊದಲೇ ಮೀನುಗಾರರ ಊರು. ಇಲ್ಲಿಯ ಮರಳಿನ ಮೇಲೆ ಮಹಿಳೆಯರು ಮೀನು ಒಣಗಿಸುತ್ತಾರೆ. ಹರಡಿದ ಮೀನಿನ ನಡುವೆ ನಡೆಯಬಾರದು, ಬಲೆಗಳನ್ನು ದಾಟಬಾರದು, ಕೆಲಸದಲ್ಲಿರುವವರ ಛಾಯಾಚಿತ್ರವನ್ನು ಅವರನ್ನು ಕೇಳದೆ ತೆಗೆಯಬಾರದು.

ಅಳಿವೆಯ ಬಾಯಿಯಲ್ಲಿ ನೀರಿಗೆ ಇಳಿಯಲೇಬಾರದು. ಇಳಿತದ ವೇಳೆ ನದಿಯ ನೀರು ಮತ್ತು ಕಡಲಿಗೆ ಹಿಂತಿರುಗುವ ನೀರು ಎರಡೂ ಸೇರಿ ಹೊರಕ್ಕೆ ಎಳೆಯುತ್ತವೆ. ಈಜು ಬಲ್ಲವರೂ ಈ ಸೆಳೆತಕ್ಕೆ ಎದುರಾಗಿ ಬರಲಾರರು. ನೋಡಲು ಶಾಂತವಾಗಿರುವ ದಡದ ಅಂಚು ಕೆಳಗೆ ಕೊರೆದುಹೋಗಿದ್ದು ಒಮ್ಮೆಲೇ ಕುಸಿಯಬಹುದು. ಹಿಂದಿನ ವರ್ಷ ಮರಳಿದ್ದ ಕಡೆ ಈ ವರ್ಷ ಆಳವಾದ ನೀರು ಇರಬಹುದು. ಅಲ್ಲಿಯ ಹೂಳಿನಿಂದ ದಿನವೂ ಹೋಗಿ ಬರುವ ದೋಣಿಗಳೇ ತೊಂದರೆಗೆ ಸಿಲುಕುತ್ತವೆ ಎಂಬುದನ್ನು ಹೊಸಬರು ಗಮನದಲ್ಲಿಡಬೇಕು. ಮಳೆಗಾಲದಲ್ಲಿ ಯಾವ ಭಾಗದಲ್ಲಿಯೂ ಕಡಲಿಗೆ ಇಳಿಯತಕ್ಕದ್ದಲ್ಲ. ಅಣೆಕಟ್ಟಿನಿಂದ ನೀರು ಬಿಡುವ ಎಚ್ಚರಿಕೆ ಇರುವಾಗ ನದಿಯ ದಡವನ್ನೂ ಬಿಟ್ಟಿರಬೇಕು.

ಕಡಲಾಮೆಗಳು

ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಚಳಿಗಾಲದಲ್ಲಿ, ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ರಾತ್ರಿಯ ಹೊತ್ತು ಈ ತೀರಕ್ಕೆ ಬಂದು ಮೊಟ್ಟೆಯಿಡುತ್ತವೆ. ಹೆಣ್ಣಾಮೆಯು ಮರಳಿನಲ್ಲಿ ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಕಡಲಿಗೆ ಮರಳುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅವು ಕಡಲಿನ ಮಂದ ಬೆಳಕನ್ನು ನೋಡಿ ದಾರಿ ಹಿಡಿಯುವುದರಿಂದ ದಡದ ಕಡೆ ಉರಿಯುವ ದೀಪಗಳು ಅವುಗಳನ್ನು ದಾರಿ ತಪ್ಪಿಸುತ್ತವೆ. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಶಾಖ. ಗೂಡುಗಳನ್ನು ಅರಣ್ಯ ಇಲಾಖೆಯ ಸಿಬ್ಬಂದಿಯು ಸ್ಥಳೀಯ ಮೀನುಗಾರರ ನೆರವಿನಿಂದ ರಕ್ಷಿಸುತ್ತಾರೆ.

ಗೂಡು, ಮೊಟ್ಟೆ, ಮರಿ ಅಥವಾ ದಡಕ್ಕೆ ಬಿದ್ದ ಆಮೆ ಕಂಡುಬಂದಲ್ಲಿ ಅದನ್ನು ಮುಟ್ಟದೆ, ದೀಪ ಬಿಡದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸತಕ್ಕದ್ದು. ಸದರಿ ಜಾತಿಯು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿದ್ದು, ಮೊಟ್ಟೆಗಳನ್ನು ತೆಗೆಯುವುದೂ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ಅರ್ಜಿದಾರರ ಗಮನಕ್ಕೆ

ಅನುಮತಿ ಕೋರುವ ಅರ್ಜಿಗಳಲ್ಲಿ ಒಂದು ಪದದಿಂದ ಗೊಂದಲ ಉಂಟಾಗಬಹುದು. ನದಿಯ ನೀರಿನೊಳಗೆ ಹೂಳು ಕೂಡಿ ಎದ್ದಿರುವುದನ್ನೂ ಮರಳು ದಿಬ್ಬ ಎನ್ನುತ್ತಾರೆ, ಕಡಲ ದಡದ ಮೇಲೆ ಗಾಳಿಯಿಂದ ಕೂಡಿದ್ದನ್ನೂ ಮರಳು ದಿಬ್ಬ ಎನ್ನುತ್ತಾರೆ. ನಿಯಮಗಳ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ದೋಣಿ ಸಂಚಾರಕ್ಕೆ ಅಡ್ಡಿಯಾಗುವ, ನದಿಯೊಳಗಿನ ದಿಬ್ಬವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯು ಗುರುತಿಸಿದಲ್ಲಿ ಮಾತ್ರ, ಅನುಮತಿ ಜಾರಿಯಲ್ಲಿರುವ ಅವಧಿಯಲ್ಲಿ ಮಾತ್ರ, ಸಾಂಪ್ರದಾಯಿಕ ಸಮುದಾಯದವರು ಯಂತ್ರ ಬಳಸದೆ ತೆರವುಗೊಳಿಸಲು ಅವಕಾಶವಿರುತ್ತದೆ. ದಡದ ದಿಬ್ಬದಿಂದ, ಅಂದರೆ ಈ ಪುಟದಲ್ಲಿ ದಿಣ್ಣೆ ಎಂದು ಹೇಳಿರುವುದರಿಂದ, ಮರಳು ತೆಗೆಯಲು ಯಾವ ಅವಧಿಯಲ್ಲಿಯೂ ಅವಕಾಶವಿಲ್ಲ. ಮೊದಲನೆಯದರ ಅನುಮತಿ ಪತ್ರವು ಎರಡನೆಯದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಸ್ಥಳವು ನೀರಿನೊಳಗೋ ದಡದ ಮೇಲೋ ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ಅರ್ಜಿದಾರರಿಗೇ ಹಿತ.

ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು 1991ರಲ್ಲಿ ಮೊದಲು ಹೊರಬಿದ್ದು, 2011 ಮತ್ತು 2019ರಲ್ಲಿ ಹೊಸದಾಗಿ ಹೊರಡಿಸಲ್ಪಟ್ಟಿತು. ಅದರಂತೆ ಮರಳು ದಿಣ್ಣೆ, ಕಾಂಡ್ಲಾ ವನ ಮತ್ತು ಕಡಲಾಮೆ ಮೊಟ್ಟೆಯಿಡುವ ನೆಲೆಗಳು ಅತಿ ಸೂಕ್ಷ್ಮವಾದ ಒಂದನೆಯ ವಲಯಕ್ಕೆ ಸೇರುತ್ತವೆ. ಜಮೀನು ಸ್ವಂತದ್ದಾಗಿದ್ದು ಪಹಣಿಯಲ್ಲಿ ಹೆಸರಿದ್ದರೂ, ಅದರೊಳಗೆ ದಿಣ್ಣೆ ಇದ್ದಲ್ಲಿ ಆ ಭಾಗಕ್ಕೆ ಈ ನಿರ್ಬಂಧ ಅನ್ವಯಿಸುತ್ತದೆ. ಹಿಂದಿನಿಂದಲೂ ತೀರದಲ್ಲಿ ವಾಸವಿರುವ ಕುಟುಂಬಗಳಿಗೆ ಇದು ಕಠಿಣವೆಂದು ತೋರುವುದು ಸಹಜ. ಉಳಿದ ವಲಯಗಳಲ್ಲಿ, ನಿಯಮಗಳಿಗೆ ಒಳಪಟ್ಟು, 300 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗಳಿಗೆ ಸ್ಥಳೀಯ ಸಂಸ್ಥೆಯ ಹಂತದಲ್ಲಿಯೇ ಅನುಮೋದನೆ ನೀಡಲು 2019ರ ಅಧಿಸೂಚನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ.

ಜಮೀನು ಖರೀದಿಸುವವರು ಮುಂಗಡ ಹಣ ನೀಡುವ ಮೊದಲೇ, ಸರ್ವೆ ನಂಬರನ್ನು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯೊಡನೆ ತಾಳೆ ನೋಡತಕ್ಕದ್ದು. ನಕ್ಷೆಯ ಕುರಿತು ವಿಚಾರಿಸಲು ಕಾರವಾರದಲ್ಲಿರುವ ಪ್ರಾದೇಶಿಕ ನಿರ್ದೇಶಕರು (ಪರಿಸರ) ಇವರ ಕಛೇರಿಯನ್ನು ಪಹಣಿ ಮತ್ತು ಸರ್ವೆ ನಕ್ಷೆಯ ಪ್ರತಿಯೊಂದಿಗೆ ಸಂಪರ್ಕಿಸಬಹುದು. ಕಡಲಿನಲ್ಲಿ ಅಪಾಯದಲ್ಲಿರುವವರಿಗಾಗಿ ಕರಾವಳಿ ಕಾವಲು ಪೊಲೀಸ್ ದೂರವಾಣಿ 1093 ಅಥವಾ ತುರ್ತು ಸೇವೆ 112ಕ್ಕೆ ಕರೆ ಮಾಡತಕ್ಕದ್ದು.