ದವನದ ಘಮ ಮತ್ತು ಗಂಡ-ಹೆಂಡಿರ ಲೋಕ

ಮದುವೆಯಾಗಿ ಹತ್ತಾರು ವರ್ಷ ಕಳೆದ ಮೇಲೂ ಪ್ರೀತಿ ಹಳಸಬಾರದು ಅಂದ್ರೆ ಗಂಡ-ಹೆಂಡತಿ ತಮ್ಮದೇ ಆದ ಒಂದು ಸೆಂಟ್ ಇಟ್ಟುಕೊಳ್ಳಬೇಕಂತೆ. ಈಗಿನವರು ಕೊಡೋ ಸಲಹೆ ಇದು. ಏನೋ ಫಾರಿನ್ ಐಡಿಯಾ ಅಂದ್ಕೋಬೇಡಿ, ನಮ್ಮಲ್ಲಿ ಇದಕ್ಕೆ ಸಾವಿರದೈನೂರು ವರ್ಷದ ಚರಿತ್ರೆ ಇದೆ.

6ನೇ ಶತಮಾನದ ವರಾಹಮಿಹಿರ ಜ್ಯೋತಿಷಿ ಅಂತ ನಮಗೆ ಗೊತ್ತು. ಅವನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಅಂತ ಒಂದು ಅಧ್ಯಾಯ ಇದೆ. ಅದು ಎಲ್ಲಿದೆ ನೋಡಿ: ಗಂಡು-ಹೆಣ್ಣಿನ ಒಲವಿನ ವಿಷಯ ಹೇಳುವ ಅಧ್ಯಾಯಗಳ ನಡುವೆ! 16 ಸುಗಂಧದ್ರವ್ಯಗಳಲ್ಲಿ 4ನ್ನು ಆರಿಸಿಕೊಂಡರೆ 1820 ಬಗೆ ಆಗುತ್ತೆ ಅಂತ ಲೆಕ್ಕವನ್ನೂ ಕೊಟ್ಟಿದ್ದಾನೆ. ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಪರಿಮಳ ಹಂಚಿದರೂ ಒಂದು ಊರಿಗೆ ಸಾಕು. ಅಂದ ಹಾಗೆ, ಆ ಅಧ್ಯಾಯ ಶುರುವಾಗೋದೇ ಕೂದಲಿಗೆ ಬಣ್ಣ ಹಚ್ಚೋ ವಿಷಯದಿಂದ. ನರೆತ ತಲೆಗೆ ಹೂವು, ಗಂಧ ಯಾವುದೂ ಒಪ್ಪಲ್ಲ ಅಂತ ಅವನ ಅಭಿಪ್ರಾಯ. (ನಾನು ಒಪ್ಪಲ್ಲ, ಬಿಡಿ.)

ಕನ್ನಡಕ್ಕೆ ಬಂದರೆ, 1025ರ ಸುಮಾರಿಗೆ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ಬಾವಿ ತೋಡೋದು, ಅಡುಗೆ, ಗಿಡಮರಗಳ ಆರೈಕೆ ಇವುಗಳ ಜೊತೆಗೇ ಸುಗಂಧ ತಯಾರಿಕೆಯೂ ಅದರಲ್ಲಿದೆ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಲೇಪನ, ಹೂಮಾಲೆಗಳನ್ನು ರಾಜಭೋಗಗಳ ಪಟ್ಟಿಗೆ ಸೇರಿಸಿತು.

ಕಸ್ತೂರಿ, ಕರ್ಪೂರ ಎಲ್ಲಾ ಅರಮನೆ ಮಾತಾಯ್ತು. ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆ ಹೋಗುವಾಗ ಸಿಗೋ ಪೆರೇಸಂದ್ರದಂಥ ಊರಿನ ರೈತ ದಂಪತಿಗೆ ಏನಿತ್ತು?

ದವನ ಇತ್ತು. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿಗೂ ಚಳಿಗಾಲದ ಇಬ್ಬನಿಗೂ ಒಗ್ಗುವ ಬೂದುಹಸಿರು ಗಿಡ. ಕನಕಾಂಬರಕ್ಕೆ ಬಣ್ಣ ಇದೆ, ವಾಸನೆ ಇಲ್ಲ. ಅದಕ್ಕೇ ದಂಡೆಯಲ್ಲಿ ನಡುನಡುವೆ ದವನ, ಮರುಗ ಸೇರಿಸಿ ಕಟ್ಟೋದು. ಸಂತೆಯಿಂದ ಬರುವ ಗಂಡ ಎರಡು ಮೊಳ ಹೂವು ಎಲೆಯಲ್ಲಿ ಸುತ್ತಿಕೊಂಡು ಬಂದು, ಬಾಯಲ್ಲಿ ಏನೂ ಹೇಳದೆ ಗೂಡಿನಲ್ಲಿಟ್ಟು ಹೋದರೆ ಅದೇ ಅವನ ಪ್ರೇಮಪತ್ರ. ಅತ್ತೆ-ಮಾವ ತುಂಬಿದ ಮನೆಯಲ್ಲಿ ಇನ್ನೇನು ಹೇಳಕ್ಕಾಗ್ತಿತ್ತು?

ಈ ಗಿಡಕ್ಕೂ ಮನ್ಮಥನಿಗೂ ಹಳೆ ನಂಟು. ಚೈತ್ರ ಶುದ್ಧ ತ್ರಯೋದಶಿಯಂದು ದವನದಿಂದ ರತಿ-ಮನ್ಮಥರನ್ನು ಪೂಜಿಸುವ ಪದ್ಧತಿ ಧರ್ಮಶಾಸ್ತ್ರದ ಗ್ರಂಥಗಳಲ್ಲಿದೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು. ಇನ್ನೊಂದು ವಿಶೇಷ ಸುಗಂಧದ ಕಸುಬಿನವರು ಹೇಳೋದು: ದವನದ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಘಮಿಸುತ್ತೆ. 'ತನ್ನದೇ ಸೆಂಟ್' ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಕೆ?

ಆದರೆ ಈ ಚರಿತ್ರೆಯಲ್ಲಿ ಖುಷಿಯಷ್ಟೇ ಇಲ್ಲ. ಪರಿಮಳ ದಾಂಪತ್ಯದ ಸೊತ್ತು ಅನ್ನೋದಕ್ಕೆ ಅತಿ ಗಟ್ಟಿಯಾದ ಸಾಕ್ಷಿ ಅಂದ್ರೆ, ಗಂಡ ಸತ್ತ ದಿನ ಅದನ್ನ ಹೆಣ್ಣಿನಿಂದ ಕಿತ್ತುಕೊಳ್ತಿದ್ದದ್ದು. ಕುಂಕುಮ, ಬಳೆ ಜೊತೆಗೆ ಹೂವೂ ಹೋಗ್ತಿತ್ತು. ಹುಟ್ಟಿದ ಮನೆಯಲ್ಲಿ ಚಿಕ್ಕಂದಿನಿಂದ ಮುಡಿದದ್ದನ್ನ ಗಂಡ ಬಂದು ಕೊಟ್ಟ ಹಾಗೆ ಲೆಕ್ಕ ಹಾಕಿದ್ದು ಯಾವ ನ್ಯಾಯ? ಎಲ್ಲ ಜಾತಿಗಳಲ್ಲೂ ಕಟ್ಟುನಿಟ್ಟು ಒಂದೇ ಸಮ ಇರಲಿಲ್ಲ, ನಿಜ. 1856ರಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆ ವಿಧವಾ ಪುನರ್ವಿವಾಹದ ಕಾನೂನು ಬಂತು. ಅದು ಮರುಮದುವೆಗೆ ದಾರಿ ಮಾಡಿತೇ ಹೊರತು ಮದುವೆಯಾಗದೆ ಉಳಿದವಳ ಮುಡಿಗೆ ಹೂವು ತರಲಿಲ್ಲ.

ಸೋಪಿಗೆ ಮಾತ್ರ ಈ ತಡೆ ಅಷ್ಟಾಗಿ ತಟ್ಟಲಿಲ್ಲ ಅಂತ ನನಗನ್ನಿಸುತ್ತೆ. 1914ರ ಮಹಾಯುದ್ಧದಿಂದ ಯೂರೋಪಿಗೆ ಹೋಗ್ತಿದ್ದ ಮೈಸೂರಿನ ಶ್ರೀಗಂಧದ ಕೊರಡುಗಳಿಗೆ ಗಿರಾಕಿ ತಪ್ಪಿತು. 1916ರಲ್ಲಿ ಇಲ್ಲೇ ಎಣ್ಣೆ ತೆಗೆಯೋಕೆ ಶುರುವಾಯ್ತು, ಹಿಂದೆಯೇ ಮೈಸೂರು ಸ್ಯಾಂಡಲ್ ಸೋಪು ಬಂತು. ಆಗ ದಿವಾನರಾಗಿದ್ದವರು ಇದೇ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅರಮನೆಯ ಗಂಧ ಬಚ್ಚಲಮನೆಗೆ ಇಳಿಯಿತು. ಸುಮಂಗಲಿಯೋ ಅಲ್ಲವೋ ಅಂತ ಸೋಪು ಕೇಳಲ್ಲವಲ್ಲ!

ದವನದ ಕಥೆ ಇನ್ನೊಂದು ದಾರಿ ಹಿಡಿಯಿತು. ಈಗ ಅದನ್ನ ಕೊಯ್ದು, ನೆರಳಲ್ಲಿ ಬಾಡಿಸಿ, ಹಬೆಯಲ್ಲಿ ಎಣ್ಣೆ ತೆಗೆದು ಹೊರದೇಶಗಳಿಗೆ ಕಳಿಸ್ತಾರೆ. ಹೆಕ್ಟೇರಿಗೆ ಸಿಗೋದು 10 ಕೆಜಿ ಆಸುಪಾಸು. ಅಲ್ಲಿ ಬೇರೆ ಬೇರೆ ಸುಗಂಧಗಳ ಜೊತೆ ಬೆರೆತು, ಬೇರೆ ಹೆಸರು ಹೊತ್ತ ಸಣ್ಣ ಶೀಷೆ ಸೇರುತ್ತೆ.